ಬಳ್ಳಾರಿಯ ಮಣ್ಣಿನ ಶಾಲೆಯೂ ಜಿಲ್ಲೆಯ ಕಿವುಡುತನವೂ

ಸರಕಾರದ ಸಂಶೋಧನಾಲಯಗಳಿಂದ ನಾಡಿಗೆ ಆದ ಪ್ರಯೋಜನವೇನೆಂದು ಕೇಳಿ, ಉತ್ತರಕ್ಕೆ ಕಾಯದೆ ನಕ್ಕುಬಿಡುವುದು ವಿದ್ಯಾವಂತರ ಮನೆಗಳಲ್ಲಿ ಒಂದು ವಾಡಿಕೆಯಾಗಿ ಬೆಳೆದಿರುತ್ತದೆ. ಇತ್ತ ಸಂಶೋಧನಾಲಯಗಳ ಪರವಾಗಿ ಮಾತನಾಡುವವರು, ಶಾಸ್ತ್ರವು ಹೇಳಿದುದನ್ನು ರೈತನು ಕೇಳುವುದಿಲ್ಲ, ಅವನು ಹಳೆಯ ಜಾಡನ್ನು ಬಿಡುವವನಲ್ಲ, ಎಂದು ನಿಟ್ಟುಸಿರು ಬಿಟ್ಟು ಕಡತವನ್ನು ಕಟ್ಟಿಡುವರು. ಒಂದು ಪಕ್ಷವು ಪ್ರಯೋಗಶಾಲೆಯನ್ನು ದೂರುತ್ತದೆ. ಇನ್ನೊಂದು ಪಕ್ಷವು ಹೊಲವನ್ನು ದೂರುತ್ತದೆ. ಈ ಎರಡು ದೂರುಗಳಿಗೂ ಆಧಾರವಿಲ್ಲ. ತಪ್ಪು ಶಾಲೆಯದೂ ಅಲ್ಲ, ಹೊಲದ್ದೂ ಅಲ್ಲ. ಎರಡರ ನಡುವೆ ನಿಂತು, ಒಂದರ ಮಾತನ್ನು ಇನ್ನೊಂದಕ್ಕೆ ಮುಟ್ಟಿಸಬೇಕಾಗಿದ್ದ ಮಂದಿಯದು. ಎಂದರೆ ಓದುಬರಹ ಬಲ್ಲ, ಭೂಮಿಯುಳ್ಳ, ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂಡುವ ಮನೆತನಗಳದು. ಇದನ್ನು ಬಳ್ಳಾರಿ ಜಿಲ್ಲೆಯ ಮಣ್ಣಿನ ಸಂಶೋಧನೆಯ ಚರಿತ್ರೆಯಿಂದಲೇ ತೋರಿಸಿಕೊಡುವುದು ಈ ಲೇಖನದ ಉದ್ದೇಶ.

ಮೊದಲು ನೆಲದ ಸ್ಥಿತಿಯನ್ನು ನೋಡೋಣ. ಬಳ್ಳಾರಿ, ಕುರುಗೋಡು, ಸಿರುಗುಪ್ಪ ಈ ಮೂರು ತಾಲ್ಲೂಕುಗಳಲ್ಲಿ ಬಹುಭಾಗವು ಎರೆಭೂಮಿ. ವರ್ಷಕ್ಕೆ ಬೀಳುವ ಮಳೆ ಸುಮಾರು ೨೦ ಅಂಗುಲ. ಅದರಲ್ಲಿಯೂ ದೊಡ್ಡ ಪಾಲು ಸೆಪ್ಟೆಂಬರು ಅಕ್ಟೋಬರುಗಳಲ್ಲಿ, ಕೆಲವೇ ದಿನಗಳಲ್ಲಿ, ರಭಸದಿಂದ ಬಿದ್ದು ಹೋಗುತ್ತದೆ. ಎರೆಯ ಗುಣವು ವಿಚಿತ್ರವಾದುದು. ಬೇಸಗೆಯಲ್ಲಿ ಅದು ಬಾಯಿಬಿಟ್ಟು, ತೋಳು ತೂರುವಷ್ಟು ಅಗಲವಾಗಿ ಬಿರಿಯುತ್ತದೆ. ಮಳೆಯ ಮೊದಲ ನೀರು ಆ ಬಿರುಕುಗಳಲ್ಲಿ ಇಳಿದೊಡನೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಬಿದ್ದ ನೀರು ಒಳಕ್ಕೆ ಹೋಗದೆ ಮೇಲೆಯೇ ಹರಿದು, ಹೋಗುವಾಗ ಮಣ್ಣನ್ನೂ ಎಳೆದುಕೊಂಡು ಹಳ್ಳವನ್ನು ಸೇರುತ್ತದೆ. ಒಂದು ಎಕರೆಯ ಮೇಲೆ ಒಂದಂಗುಲ ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರು ನೀರಾಗುತ್ತದೆ. ಒಂದು ಹೆಕ್ಟೇರಿನಿಂದ ಒಂದೇ ಒಂದು ಮಿಲಿಮೀಟರಿನಷ್ಟು ಮಣ್ಣು ಸವೆದರೆ ಅದು ಹತ್ತು ಟನ್ನಿಗೂ ಮಿಕ್ಕುತ್ತದೆ. ಹೀಗೆ ಒಂದೇ ಹೊಲದಲ್ಲಿ ಒಂದೇ ವರ್ಷದಲ್ಲಿ ನೆರೆಯೂ ಬರವೂ ಉಂಟಾಗುತ್ತವೆ. ಕರೂರು ಹೋಬಳಿಯಲ್ಲಿ ಹಿಂಗಾರಿ ಜೋಳವನ್ನೂ ಕಡಲೆಯನ್ನೂ ಬಿತ್ತಿದ ಯಾವ ಒಕ್ಕಲಿಗನಿಗೂ ಇದು ಹೊಸ ಸಂಗತಿಯಲ್ಲ.

ಇಂಥ ನೆಲವನ್ನು ಸರಕಾರವು ಮೊದಲು ಅಳೆದುದು ಅದರ ಆರೋಗ್ಯವನ್ನು ತಿಳಿಯುವುದಕ್ಕಲ್ಲ. ೧೮೦೦ರಲ್ಲಿ ನಿಜಾಮನಿಂದ ಕಂಪೆನಿಯ ಕೈಗೆ ಬಂದ ದತ್ತಮಂಡಲಕ್ಕೆ ಥಾಮಸ್ ಮನ್ರೋ ಕಲೆಕ್ಟರನಾಗಿ ಬಂದು ೧೮೦೭ರವರೆಗೆ ಇದ್ದನು. ಅವನ ಕಾಲದಲ್ಲಿ ಹೊಲಹೊಲವನ್ನೂ ಅಳೆದು, ಮಣ್ಣನ್ನು ತರಗತಿಗಳಾಗಿ ವಿಂಗಡಿಸಿ, ಕಂದಾಯವನ್ನು ಗೊತ್ತುಪಡಿಸಿದರು. ಆ ಕೆಲಸವು ದಕ್ಷತೆಯಿಂದ ನಡೆಯಿತು; ಅದರಲ್ಲಿ ಸಂದೇಹವಿಲ್ಲ. ಆದರೆ ಅಲ್ಲಿಂದ ಒಂದು ಶತಮಾನದವರೆಗೂ ಸರಕಾರವು ಈ ಮಣ್ಣನ್ನು ಕೇಳುತ್ತ ಬಂದ ಪ್ರಶ್ನೆ ಒಂದೇ: ನೀನು ನನಗೆ ಏನು ಕೊಡುವೆ? ೧೮೭೬-೭೮ರ ಘೋರ ಕ್ಷಾಮವು ಬಂದು ಹಳ್ಳಿಗೆ ಹಳ್ಳಿಯೇ ಬರಿದಾದಾಗ ಕೊಡುವುದಕ್ಕೆ ಮಣ್ಣಿನಲ್ಲಿ ಏನೂ ಇರಲಿಲ್ಲ.

ನಿನಗೆ ಏನು ಬೇಕು ಎಂಬ ಎರಡನೆಯ ಪ್ರಶ್ನೆಯನ್ನು ಕೇಳುವುದಕ್ಕೆ ಮದರಾಸು ಸರಕಾರವು ೧೯೦೬ರಲ್ಲಿ ಆರಂಭಿಸಿತು. ಬಳ್ಳಾರಿಯ ಪೂರ್ವಕ್ಕೆ, ಹಗರಿ ನದಿಯ ಸಮೀಪದಲ್ಲಿ, ಆ ನದಿಯ ಹೆಸರನ್ನೇ ಹೊತ್ತ ಊರಿನಲ್ಲಿ, ಕೃಷಿಪ್ರಯೋಗಕ್ಷೇತ್ರವೊಂದು ಹುಟ್ಟಿಕೊಂಡಿತು. ಜನರು ಇದನ್ನು ಇಂದಿಗೂ ಹಗರಿ ಫಾರಂ ಎನ್ನುವರು. ಅಲ್ಲಿ ಎರೆಯ ಹತ್ತಿಯನ್ನೂ ಜೋಳವನ್ನೂ ಪರೀಕ್ಷಿಸಿದರು; 'ವೆಸ್ಟರ್ನ್ಸ್' ಎಂದು ವ್ಯಾಪಾರದಲ್ಲಿ ಹೆಸರಾದ ಈ ಸೀಮೆಯ ಹತ್ತಿಯಿಂದ ಆಯ್ದ 'ಹಗರಿ ೧' ಎಂಬ ತಳಿಯು ಅಲ್ಲಿಂದಲೇ ಹೊರಬಿದ್ದಿತು. ಮುಂದೆ ೧೯೨೬-೨೮ರ ರಾಯಲ್ ಕೃಷಿ ಕಮಿಶನ್ನಿನ ಫಲವಾಗಿ ೧೯೨೯ರಲ್ಲಿ ಇಂಪೀರಿಯಲ್ ಕೃಷಿ ಸಂಶೋಧನಾ ಪರಿಷತ್ತು ಸ್ಥಾಪಿತವಾಯಿತು. ಆ ಪರಿಷತ್ತು ೧೯೩೩-೩೫ರ ಅವಧಿಯಲ್ಲಿ ಒಣಬೇಸಾಯದ ಸಂಶೋಧನೆಗೆಂದು ಇಡೀ ದೇಶದಲ್ಲಿ ಐದು ಕೇಂದ್ರಗಳನ್ನು ಆರಿಸಿಕೊಂಡಿತು: ಸೋಲಾಪುರ, ವಿಜಾಪುರ, ರಾಯಚೂರು, ಹಗರಿ, ರೋಹತಕ. ಐದರಲ್ಲಿ ಮೂರು ಇಂದಿನ ಕರ್ನಾಟಕದಲ್ಲಿಯೇ ಇರುತ್ತವೆ. ನಾಲ್ಕನೆಯದಾದ ಸೋಲಾಪುರವು ಕನ್ನಡ ಕೇಳಿಬರುವ ಊರೇ. ಬರದ ವಿದ್ಯೆಯನ್ನು ಭಾರತವು ಕಲಿತುದು ಬಹುಮಟ್ಟಿಗೆ ಕನ್ನಡದ ಹೊಲಗಳಲ್ಲಿ ಎಂದರೆ ಅತ್ಯುಕ್ತಿಯಾಗದು. ಆ ಪ್ರಯೋಗಗಳ ಸಾರವನ್ನು ಎನ್. ವಿ. ಕಾನಿಟ್ಕರರು ೧೯೪೪ರಲ್ಲಿ ಪುಸ್ತಕರೂಪವಾಗಿ ಪ್ರಕಟಿಸಿದರು. ಅದು ಇಂಗ್ಲಿಷಿನಲ್ಲಿ ಬಂದಿತು. ಇದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಈ ಮಾತಿಗೆ ಮತ್ತೆ ಬರುವೆವು.

ಎರಡನೆಯ ಶಾಲೆಯು ಸಿರುಗುಪ್ಪದ್ದು. ತುಂಗಭದ್ರೆಗೆ ಅಣೆಕಟ್ಟು ಕಟ್ಟಬೇಕೆಂಬ ವಿಚಾರವು ಬಹುಕಾಲ ಚರ್ಚೆಯಲ್ಲಿದ್ದಾಗ ಒಂದು ಸಂಶಯವು ಎಲ್ಲರನ್ನೂ ಕಾಡುತ್ತಿತ್ತು. ನೀರನ್ನು ಒಳಕ್ಕೆ ಬಿಡದ ಈ ಎರೆಗೆ ಕಾಲುವೆಯ ನೀರು ಹಾಯಿಸಿದರೆ ಅದು ಬಾಳೀತೆ? ಅಥವಾ ಸವುಳಾಗಿ, ಜವುಳಾಗಿ ಕೆಟ್ಟುಹೋದೀತೆ? ಈ ಸಂಶಯವನ್ನು ಊಹೆಯಿಂದ ತೀರ್ಮಾನಿಸದೆ ಪ್ರಯೋಗದಿಂದಲೇ ತೀರ್ಮಾನಿಸಬೇಕೆಂದು ಮದರಾಸು ಸರಕಾರವು ೧೯೩೭ರಲ್ಲಿ ಸಿರುಗುಪ್ಪದಲ್ಲಿ ಕೃಷಿಸಂಶೋಧನಾ ಕ್ಷೇತ್ರವನ್ನು ತೆರೆಯಿತು. ಅಣೆಕಟ್ಟಿನ ಅಡಿಗಲ್ಲು ಬಿದ್ದುದು ೧೯೪೫ರಲ್ಲಿ. ಕಾಲುವೆಗೆ ನೀರು ಬಿಟ್ಟುದು ೧೯೫೩ರಲ್ಲಿ. ನೀರು ಬರುವುದಕ್ಕೆ ಹದಿನಾರು ವರ್ಷ ಮೊದಲೇ ಮಣ್ಣನ್ನು ಕೇಳಿದ ಆ ದೂರದೃಷ್ಟಿಗೆ ಪರರ ಆಳ್ವಿಕೆಯೆಂಬ ಒಂದೇ ಕಾರಣದಿಂದ ಮೆಚ್ಚುಗೆಯನ್ನು ತಡೆಹಿಡಿಯಬೇಕಾಗಿಲ್ಲ.

ಆ ಎಚ್ಚರಿಕೆಗೆ ತಕ್ಕಂತೆಯೇ ಯೋಜನೆಯೂ ರೂಪುಗೊಂಡಿತು. ತುಂಗಭದ್ರೆಯ ನೀರನ್ನು ಕೆಲವೇ ಊರುಗಳಲ್ಲಿ ಕಟ್ಟಿ ನಿಲ್ಲಿಸದೆ, ಬರದಿಂದ ಕಾಪಾಡುವಷ್ಟು ಮಾತ್ರವಾಗಿ, ತೆಳುವಾಗಿ, ಬಹುದೂರದವರೆಗೆ ಹರಡಬೇಕೆಂಬುದು ಅದರ ಮೂಲತತ್ತ್ವ. ಇಂಥ ಸರ್ವೆ ನಂಬರಿಗೆ ಭತ್ತ, ಇಂಥದಕ್ಕೆ ಕಬ್ಬು, ಉಳಿದ ಬಹುಭಾಗಕ್ಕೆ ಜೋಳ ಹತ್ತಿಗಳಂಥ ಹಗುರ ಬೆಳೆ, ಎಂದು ಹೊಲಹೊಲಕ್ಕೂ ಬೆಳೆಯನ್ನು ಗೊತ್ತುಮಾಡಿದರು. ಆಮೇಲೆ ನಡೆದುದೇನು? ಕಾಲುವೆಯ ತಲೆಯಲ್ಲಿದ್ದವರು ಹಗುರ ಬೆಳೆಯ ಹೊಲಗಳಲ್ಲಿ ಭತ್ತವನ್ನು ಹಚ್ಚಿದರು; ನೀರು ಕಾಲುವೆಯ ಕೊನೆಯನ್ನು ಮುಟ್ಟದೆ ನಡುದಾರಿಯಲ್ಲಿಯೇ ಮುಗಿಯತೊಡಗಿತು. ತಲೆಯ ಕಡೆಯ ಹೊಲಗಳಲ್ಲಿ ನೀರು ನಿಂತು ನಿಂತು ಉಪ್ಪು ಮೇಲಕ್ಕೆ ಎದ್ದಿತು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಇಂದು ಹತ್ತಾರು ಸಹಸ್ರ ಹೆಕ್ಟೇರು ಭೂಮಿ ಸವುಳು ಜವುಳುಗಳಿಂದ ಕೆಟ್ಟಿರುತ್ತದೆ. ಕಾಲುವೆಯ ಕೊನೆಯವನು ನೀರಿಲ್ಲದೆ ಕೆಟ್ಟನು. ತಲೆಯವನು ನೀರು ಹೆಚ್ಚಾಗಿ ಕೆಟ್ಟನು. ೧೯೩೭ರ ಪ್ರಶ್ನೆಯಲ್ಲಿ ಯಾವ ಕೇಡು ಶಂಕೆಯಾಗಿತ್ತೋ ಅದೇ ಕೇಡು ಸಾವಿರಾರು ಹೊಲಗಳಲ್ಲಿ ಪ್ರತ್ಯಕ್ಷವಾಗಿ ನಿಂತಿತು. ಇದರಲ್ಲಿ ಸಿರುಗುಪ್ಪದ ಪ್ರಯೋಗಕ್ಷೇತ್ರದ ಅಪರಾಧವೇನು? ದಾರಿಯಲ್ಲಿ ಹೊಂಡವಿದೆಯೇ ನೋಡೆಂದು ದೀಪವನ್ನು ಹಚ್ಚಿ, ಆಮೇಲೆ ಕಣ್ಣು ಮುಚ್ಚಿಕೊಂಡು ನಡೆದವನು ಬಿದ್ದರೆ ದೀಪವನ್ನು ಶಪಿಸಬಹುದೆ?

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಬಳ್ಳಾರಿಯ ಮಣ್ಣಿನ ಶಾಲೆ. ಅದು ಹುಟ್ಟಿದ ಕಾಲವನ್ನು ಗಮನಿಸಬೇಕು. ಮದರಾಸು ರಾಜ್ಯವು ಒಡೆದಾಗ ಬಳ್ಳಾರಿಯು ಯಾರಿಗೆ ಸೇರಬೇಕೆಂಬುದರ ಮೇಲೆ ಕನ್ನಡಿಗರಿಗೂ ಆಂಧ್ರರಿಗೂ ನಡೆದ ವಾದವನ್ನು ಯಾರೂ ಮರೆತಿಲ್ಲ. ನ್ಯಾಯಮೂರ್ತಿಗಳು ಬಂದು ವಿಚಾರಿಸಿದರು, ವರದಿಗಳಾದವು, ಕೊನೆಗೆ ೧೯೫೩ನೆಯ ಅಕ್ಟೋಬರು ೧ರಂದು ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋಗಿ, ಬಳ್ಳಾರಿ ಸಿರುಗುಪ್ಪಗಳು ಮೈಸೂರನ್ನು ಸೇರಿದವು. ಅದರ ಮರುವರ್ಷವೇ, ೧೯೫೪ರಲ್ಲಿ, ಭಾರತ ಸರಕಾರವು ಬಳ್ಳಾರಿಯಲ್ಲಿ ಮಣ್ಣಿನ ಸಂರಕ್ಷಣೆಯ ಸಂಶೋಧನೆ, ಪ್ರಾತ್ಯಕ್ಷಿಕೆ, ತರಬೇತಿಗಳ ಕೇಂದ್ರವನ್ನು ಸ್ಥಾಪಿಸಿತು. ಒಂದನೆಯ ಪಂಚವಾರ್ಷಿಕ ಯೋಜನೆಯಲ್ಲಿ ದೇಹರಾದೂನು, ಚಂಡೀಗಡ, ಕೋಟಾ, ವಾಸದ್, ಆಗ್ರಾ, ಉದಕಮಂಡಲಗಳಲ್ಲಿ ತೆರೆದ ಇಂಥ ಕೇಂದ್ರಗಳ ಸಾಲಿನಲ್ಲಿ ದಖ್ಖಣದ ಎರೆನೆಲದ ಪಾಲಿಗೆ ಬಂದುದು ಬಳ್ಳಾರಿಯ ಕೇಂದ್ರ. ೧೯೬೭ರಲ್ಲಿ ಅದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಕೈಗೆ ಬಂದಿತು. ೧೯೭೪ರಲ್ಲಿ ಈ ಕೇಂದ್ರಗಳೆಲ್ಲವೂ ದೇಹರಾದೂನಿನಲ್ಲಿ ಮುಖ್ಯಸ್ಥಾನವುಳ್ಳ ಒಂದೇ ಸಂಸ್ಥೆಯಾಗಿ ಕೂಡಿದವು. ಈಗ ಅದರ ಹೆಸರು ಭಾರತೀಯ ಮಣ್ಣು ಮತ್ತು ಜಲ ಸಂರಕ್ಷಣಾ ಸಂಸ್ಥೆ.

ಬಳ್ಳಾರಿಯ ನೆಲ ಯಾರದೆಂದು ನಾವು ಗಂಟಲು ಹರಿಯುವಂತೆ ಕೂಗಿದೆವು. ಅದು ಉಚಿತವೇ ಆಗಿತ್ತು. ಆದರೆ ಅದೇ ನೆಲದ ಮೇಲ್ಮಣ್ಣು ಪ್ರತಿವರ್ಷವೂ ಹಗರಿಯಲ್ಲಿಯೂ ತುಂಗಭದ್ರೆಯಲ್ಲಿಯೂ ತೇಲಿ, ಯಾವ ಕಮಿಶನ್ನಿನ ಅಪ್ಪಣೆಯೂ ಇಲ್ಲದೆ, ಗಡಿಯನ್ನು ದಾಟಿ ಹೋಗುತ್ತಿರುವುದರ ಮೇಲೆ ಒಂದು ಸಭೆಯನ್ನಾದರೂ ಕೂಡಿಸಿದೆವೆ? ಭೂಪಟದಲ್ಲಿ ಉಳಿದ ಬಳ್ಳಾರಿಯು ಹೊಳೆಯಲ್ಲಿ ಕಳೆದುಹೋಗುತ್ತಿರುವ ಲೆಕ್ಕವನ್ನು ಇಟ್ಟವರು ಆ ಶಾಲೆಯವರು ಮಾತ್ರ.

ಅವರು ಕಂಡುಕೊಂಡುದೇನು? ಸ್ವಾತಂತ್ರ್ಯಕ್ಕೆ ಮುಂಚಿನಿಂದಲೂ ಮುಂಬಯಿ ಪ್ರಾಂತದಲ್ಲಿ, ೧೯೪೨ರ ಭೂಸುಧಾರಣಾ ಯೋಜನೆಗಳ ಕಾನೂನಿನ ಬಲದಿಂದ, ಸಮಪಾತಳಿಯ ಬದುಗಳನ್ನು ಹಾಕುವ ಕಾರ್ಯವು ನಡೆದಿತ್ತು. ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಬದುವನ್ನು ಹಾಕಿದರೆ ನೀರು ಅಲ್ಲಿಯೇ ನಿಂತು ಇಂಗುವುದೆಂಬುದು ಅದರ ತರ್ಕ. ತೆಳುವಾದ ಮಣ್ಣಿನಲ್ಲಿ ಈ ತರ್ಕವು ಸರಿಯೆ. ಆಳವಾದ ಎರೆಯಲ್ಲಿ ಮಾತ್ರ ನೀರು ಇಂಗಲಿಲ್ಲ. ಬದುವಿನ ಹಿಂದೆ ವಾರಗಟ್ಟಲೆ ನಿಂತು ಪೈರನ್ನು ಕೊಳೆಸಿತು. ಬೇಸಗೆಯಲ್ಲಿ ಬದುವೇ ಬಿರಿದು, ಮುಂದಿನ ಮಳೆಗೆ ಒಡೆದು, ಒಂದು ಹೊಲದ ನೀರೆಲ್ಲ ಒಟ್ಟಾಗಿ ಕೆಳಗಿನ ಹೊಲದ ಮೇಲೆ ಬಿದ್ದಿತು. ಬದುವು ಇಲ್ಲದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚಿನ ಕೊರಕಲು ಉಂಟಾಯಿತು. ರೈತನು ಬದುವನ್ನು ಕಿತ್ತುಹಾಕಿದನು. ಅಧಿಕಾರಿಗಳು ಅವನನ್ನು ಮೂಢನೆಂದರು.

ಬಳ್ಳಾರಿಯ ಶಾಲೆಯು ಆ ರೈತನ ಪಕ್ಷವಾಗಿ ತೀರ್ಪು ಕೊಟ್ಟಿತು. ಆಳವಾದ ಎರೆಗೆ ಸಮಪಾತಳಿಯ ಬದು ಸಲ್ಲದು. ತುಸು ಓಟವುಳ್ಳ ಇಳಿಬದುವೇ ತಕ್ಕದ್ದು. ಹೆಚ್ಚಿನ ನೀರು ಹುಲ್ಲು ಬೆಳೆಸಿದ ಕಾಲುವೆಯಲ್ಲಿ ನಿಧಾನವಾಗಿ ಹರಿದು ಹೊಲದ ತಗ್ಗಿನಲ್ಲಿ ತೋಡಿದ ಹೊಂಡವನ್ನು ಸೇರಬೇಕು. ಮಳೆ ಕೈಕೊಟ್ಟ ದಿನ ಆ ಹೊಂಡದ ನೀರು ಪೈರಿಗೆ ಒಂದು ಸಲ ಸಿಕ್ಕರೆ ಬೆಳೆ ಉಳಿಯುತ್ತದೆ. ಇದು ಅವರ ಬೋಧನೆಯ ತಿರುಳು. ಎರೆಯೊಳಕ್ಕೆ ನೀರನ್ನು ಇಳಿಸುವುದಕ್ಕೆ ಅವರು ಕಂಡ ಇನ್ನೊಂದು ಉಪಾಯವು ಇನ್ನೂ ಸರಳವಾದುದು. ಇಳಿಜಾರಿಗೆ ಅಡ್ಡಲಾಗಿ ಒಂದಡಿಗೆ ತುಸು ಮಿಕ್ಕ ಆಳದ ಕಿರುಗಾಲುವೆಗಳನ್ನು ತೋಡಿ, ಅವುಗಳಲ್ಲಿ ಜೋಳದ ಕೂಳೆಯನ್ನು ತುದಿ ಮೇಲಕ್ಕೆ ಕಾಣುವಂತೆ ನೆಟ್ಟಗೆ ನಿಲ್ಲಿಸಿ ಮುಚ್ಚುವುದು. ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಂಡರೂ ಕೂಳೆಯ ಸಂದುಗಳಲ್ಲಿ ನೀರು ಕೆಳಕ್ಕೆ ಇಳಿಯುತ್ತದೆ. ಬರಗಾಲದ ವರ್ಷಗಳಲ್ಲಿಯೇ ಇದರ ಲಾಭವು ಹೆಚ್ಚಾಗಿ ಕಂಡುಬಂದಿತು. ಇದಕ್ಕೆ ವಿದೇಶದ ಯಂತ್ರವು ಬೇಡ, ಸಿಮೆಂಟು ಬೇಡ. ಹೊಲದಲ್ಲಿಯೇ ಉಳಿದ ಕೂಳೆ ಸಾಕು. ೧೯೮೦ರ ದಶಕದಲ್ಲಿ ಈ ವಿದ್ಯೆಯನ್ನು ಫಾರಮ್ಮಿನ ಬೇಲಿಯಿಂದ ಹೊರಕ್ಕೆ ತಂದು, ಬಳ್ಳಾರಿ ಜಿಲ್ಲೆಯ ಜೋಳದರಾಶಿ, ಚಿತ್ರದುರ್ಗ ಜಿಲ್ಲೆಯ ಜಿ. ಆರ್. ಹಳ್ಳಿ, ಕರ್ನೂಲು ಜಿಲ್ಲೆಯ ಚಿನ್ನಟೇಕೂರುಗಳಲ್ಲಿ ಊರಿನವರ ಹೊಲಗಳ ಮೇಲೆಯೇ, ದಿಬ್ಬದಿಂದ ಹಳ್ಳದವರೆಗೆ, ಜಲಾನಯನವೆಂಬ ಹೆಸರಿನಿಂದ ಪ್ರಯೋಗಿಸಿ ತೋರಿಸಿದರು.

ಹೀಗಿರುವಲ್ಲಿ, ಶಾಲೆಯಿಂದ ಪ್ರಯೋಜನವೇನೆಂದು ನಗುವವರಿಗೆ ನಾವು ಒಂದು ಮಾತನ್ನು ಕೇಳಬೇಕಾಗಿದೆ. ಜಿಲ್ಲೆಯ ಮಣ್ಣಿನ ಮೇಲೆ ಹುಟ್ಟಿದ ಮೂರು ಪ್ರಶ್ನೆಗಳನ್ನು ಈ ಮೂರು ಸ್ಥಾನಗಳು ಎತ್ತಿಕೊಂಡು ದುಡಿದುವು. ನೀರಿಲ್ಲದೆ ಬೆಳೆಯುವುದು ಹೇಗೆಂಬುದು ಹಗರಿಯ ಪಾಲಿಗೆ ಬಂದಿತು. ನೀರು ಬಂದಾಗ ಬಾಳುವುದು ಹೇಗೆಂಬುದು ಸಿರುಗುಪ್ಪದ ಪಾಲಿಗೆ. ಮಣ್ಣನ್ನೂ ಮಳೆಯನ್ನೂ ಹಿಡಿದುಕೊಳ್ಳುವುದು ಹೇಗೆಂಬುದು ಬಳ್ಳಾರಿಯ ಪಾಲಿಗೆ. ಇವುಗಳಲ್ಲಿ ಯಾವ ಉತ್ತರವನ್ನು ನೀವು ಓದಿ, ಮಾಡಿ, ಫಲವಿಲ್ಲವೆಂದು ಕಂಡಿರಿ? ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ಓದದಿದ್ದುದರ ಬೆಲೆ ಎಷ್ಟೆಂಬುದಕ್ಕೆ ಅಣೆಕಟ್ಟೇ ಸಾಕ್ಷಿ. ೨೦೨೪ನೆಯ ಆಗಸ್ಟು ೧೦ರ ರಾತ್ರಿ ತುಂಗಭದ್ರೆಯ ೧೯ನೆಯ ಬಾಗಿಲು ಸರಪಣಿ ಕಡಿದು ಕೊಚ್ಚಿಹೋದಾಗ ನಾಡಿಗೆ ನಾಡೇ ಎದ್ದು ಕುಳಿತಿತು. ಮಂತ್ರಿಗಳು ಓಡಿಬಂದರು, ಪತ್ರಿಕೆಗಳು ಪುಟ ತುಂಬಿಸಿದವು, ಹೋಗುವ ಒಂದೊಂದು ಟಿ. ಎಂ. ಸಿ. ನೀರಿಗೂ ನಾವು ಮರುಗಿದೆವು. ಒಂದು ವಾರದೊಳಗೆ ತಾತ್ಕಾಲಿಕವಾದ ತಡೆಯು ಸಿದ್ಧವಾಯಿತು. ಅದು ಶ್ಲಾಘ್ಯವೇ ಸರಿ. ಆದರೆ ೧೯೫೩ರಲ್ಲಿ ಸುಮಾರು ೧೩೩ ಟಿ. ಎಂ. ಸಿ. ಹಿಡಿಯುತ್ತಿದ್ದ ಆ ಜಲಾಶಯವು ಹೂಳು ತುಂಬಿ ಈಗ ೧೦೫.೭೮೮ ಟಿ. ಎಂ. ಸಿ.ಗೆ ಇಳಿದಿರುತ್ತದೆ. ಸುಮಾರು ೨೭ ಟಿ. ಎಂ. ಸಿ., ಎಂದರೆ ಐದರಲ್ಲಿ ಒಂದು ಪಾಲು, ಯಾವ ಬಾಗಿಲೂ ಮುರಿಯದೆ, ಯಾವ ರಾತ್ರಿಯಲ್ಲಿಯೂ ಸದ್ದಾಗದೆ, ಎಪ್ಪತ್ತು ವರ್ಷಗಳಲ್ಲಿ ನಷ್ಟವಾಯಿತು. ಬಾಗಿಲಿನಲ್ಲಿ ಹೋದ ನೀರನ್ನು ಮುಂದಿನ ಮಳೆ ತಂದುಕೊಡಬಹುದು. ಹೂಳಿಗೆ ಸೋತ ಜಾಗವನ್ನು ಯಾವ ಮಳೆಯೂ ತಂದುಕೊಡದು. ಆ ಹೂಳು ಆಕಾಶದಿಂದ ಬಿದ್ದುದಲ್ಲ. ಮೇಲಿನ ಸೀಮೆಯ ಹೊಲಗಳಿಂದಲೂ ಗುಡ್ಡಗಳಿಂದಲೂ, ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಹಡಗಲಿಯಂಥ ತಾಲ್ಲೂಕುಗಳಿಂದಲೂ, ಬದುವಿಲ್ಲದ ಪ್ರತಿಯೊಂದು ಇಳಿಜಾರಿನಿಂದಲೂ ಇಳಿದು ಬಂದ ಮೇಲ್ಮಣ್ಣು ಅದು. ಮೇಲಿನವನ ಹೊಲವು ಬಡವಾಯಿತು. ಆ ಮಣ್ಣು ಕೆಳಗಿನವನ ನೀರಿನ ಜಾಗವನ್ನು ಆಕ್ರಮಿಸಿತು. ಇದಕ್ಕೆ ಪರಿಹಾರವಾಗಿ ನವಲಿಯಲ್ಲಿ ಇನ್ನೊಂದು ಜಲಾಶಯವನ್ನು ಕಟ್ಟಬೇಕೆಂದು ಪ್ರಸ್ತಾಪಗಳು ನಡೆದಿವೆ. ಕಟ್ಟಲಿ, ಬೇಡವೆನ್ನುವವರು ನಾವಲ್ಲ. ಆದರೆ ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕುವವರು, ಕೊಳ್ಳೆ ನಡೆಯುವ ದಾರಿಯನ್ನು ಎಪ್ಪತ್ತು ವರ್ಷಗಳಿಂದ ಬೆರಳು ಮಾಡಿ ತೋರಿಸುತ್ತಿದ್ದ ಕಾವಲುಗಾರನನ್ನು ಒಂದು ಮಾತು ಕೇಳಿದ್ದರೆ ಚೆನ್ನಾಗಿರುತ್ತಿತ್ತು.

ಇನ್ನು, ರೈತನು ಕೇಳುವುದಿಲ್ಲವೆಂಬ ಎರಡನೆಯ ದೂರು. ರೈತನು ಕೇಳಿದ ನಿದರ್ಶನಗಳು ಈ ಜಿಲ್ಲೆಯಲ್ಲಿಯೇ ಇವೆ; ಜೋಳದರಾಶಿಯ ಕೆಲಸ ನಡೆದುದು ಸರಕಾರದ ಹೊಲಗಳಲ್ಲಲ್ಲ. ಕೇಳದಿದ್ದಲ್ಲಿ ಅದಕ್ಕೆ ಕಾರಣಗಳಿವೆ. ಮೊದಲನೆಯದು: ನೀರು ಇಳಿಜಾರನ್ನು ನೋಡುತ್ತದೆಯೇ ಹೊರತು ಸರ್ವೆ ಕಲ್ಲನ್ನು ನೋಡುವುದಿಲ್ಲ. ಮೇಲಿನ ಹೊಲದವನು ಬದು ಹಾಕದಿದ್ದರೆ ಕೆಳಗಿನವನ ಬದು ಒಂದೇ ಮಳೆಗೆ ಹೋಗುತ್ತದೆ. ಆದಕಾರಣ ಒಬ್ಬನೇ ಮಾಡುವ ಕೆಲಸ ಇದಲ್ಲ; ಹತ್ತು ಮನೆಗಳು ಒಪ್ಪಬೇಕು. ಒಪ್ಪಿಸುವವರು ಊರಿನ ದೊಡ್ಡ ಮನೆಗಳವರಾಗಬೇಕು. ಎರಡನೆಯದು: ಉಳುವವನು ಭೂಮಿಯ ಒಡೆಯನಾಗಿರದಿರುವುದು. ವಿದ್ಯೆ ಕಲಿತು ಬಳ್ಳಾರಿಗೋ ಬೆಂಗಳೂರಿಗೋ ಹೋಗಿ ನೆಲೆಸಿದ ಮನೆತನಗಳು ಹೊಲವನ್ನು ವರ್ಷಕ್ಕೆ ಇಷ್ಟೆಂದು ಗುತ್ತಿಗೆಗೆ ಕೊಡುವುದು ನಮ್ಮ ಸೀಮೆಯಲ್ಲಿ ಎಲ್ಲರೂ ಬಲ್ಲ ಸಂಗತಿ. ಒಂದು ವರ್ಷದ ಗುತ್ತಿಗೆದಾರನು ಹತ್ತು ವರ್ಷ ಬಾಳುವ ಬದುವನ್ನು ಏಕೆ ಹಾಕಿಯಾನು? ಅವನಿಗೆ ಬೇಕಾದುದು ಈ ವರ್ಷದ ಚೀಲಗಳು. ಆದಕಾರಣವೇ ಹಗುರ ಬೆಳೆಯ ಹೊಲದಲ್ಲಿ ಭತ್ತ, ಭತ್ತಕ್ಕೆ ನಿಲ್ಲಿಸಿದ ನೀರು, ನೀರಿನ ಹಿಂದೆಯೇ ಸವುಳು. ಗುತ್ತಿಗೆಯ ಹಣವನ್ನು ಎಣಿಸಿಕೊಂಡು, ರೈತನು ಮಣ್ಣನ್ನು ಕೆಡಿಸಿದನೆಂದು ಪಡಸಾಲೆಯಲ್ಲಿ ಕುಳಿತು ಮರುಗುವುದು ನ್ಯಾಯವೆ? ಆ ಕೆಡುಕಿನಲ್ಲಿ ಒಡೆಯನ ಪಾಲು ಗುತ್ತಿಗೆಯ ಪತ್ರದಲ್ಲಿಯೇ ಬರೆದಿರುತ್ತದೆ.

ಮೂರನೆಯ ಕಾರಣವು ಭಾಷೆ. ಸಾಹಿತ್ಯಪತ್ರಿಕೆಯಲ್ಲಿ ಮಣ್ಣು ಬದುಗಳ ಪ್ರಸ್ತಾಪವೇಕೆಂದು ಹುಬ್ಬೇರಿಸುವವರಿಗೂ ಉತ್ತರವು ಇಲ್ಲಿಯೇ ಇದೆ. ಕನ್ನಡದ ಹೊಲಗಳಲ್ಲಿ ಹುಟ್ಟಿದ ಜ್ಞಾನವು ಇಂಗ್ಲಿಷಿನಲ್ಲಿ ಬರೆಯಲ್ಪಟ್ಟು, ಇಂಗ್ಲಿಷಿನಲ್ಲಿಯೇ ಬೈಂಡು ಕಟ್ಟಿಸಿಕೊಂಡು, ಕಪಾಟಿನಲ್ಲಿ ಕುಳಿತಿರುತ್ತದೆ. ಕೇಂದ್ರಸರಕಾರದ ಇತರ ಕಚೇರಿಗಳಂತೆ ಇಂಥ ಸಂಸ್ಥೆಗಳಲ್ಲಿಯೂ ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಹಿಂದೀ ದಿವಸವನ್ನು ವಿಧಿಪೂರ್ವಕವಾಗಿ ಆಚರಿಸುವರು. ಅದೇ ಸೆಪ್ಟೆಂಬರಿನಲ್ಲಿಯೇ ನಮ್ಮ ಎರೆಯ ಮೇಲೆ ಮುಖ್ಯವಾದ ಮಳೆ ಬಿದ್ದು ಮಣ್ಣು ಕೊಚ್ಚಿಹೋಗುವುದು. ಆ ದಿನಗಳಲ್ಲಿ ಹೊಲದವನಿಗೆ ಬೇಕಾದ ಮಾತು ಕನ್ನಡದ್ದು. ಕನ್ನಡದಲ್ಲಿ ಕರಪತ್ರಗಳೇ ಬಂದಿಲ್ಲವೆಂದಾಗಲಿ, ಕ್ಷೇತ್ರೋತ್ಸವಗಳು ನಡೆದಿಲ್ಲವೆಂದಾಗಲಿ ನಾವು ಹೇಳುವುದಿಲ್ಲ. ಹಗರಿಯ ಕೃಷಿವಿಜ್ಞಾನಕೇಂದ್ರದಂಥ ಸ್ಥಾನಗಳವರು ರೈತರೊಡನೆ ಕನ್ನಡದಲ್ಲಿಯೇ ವ್ಯವಹರಿಸುವರು. ಆದರೆ ಕರಪತ್ರವು ಆಜ್ಞೆಯನ್ನು ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಹೀಗೆ ಮಾಡು ಎಂದು ಒಂದು ಹಾಳೆಯಲ್ಲಿ ಅಚ್ಚುಹಾಕಿ ಕೊಡುವುದು ಬೇರೆ. ಇಂಥ ವರ್ಷ ಇಂಥ ಹೊಲದಲ್ಲಿ ಹೀಗೆ ಮಾಡಿದೆವು, ಇದು ಸೋತಿತು, ಇದಕ್ಕಾಗಿ ಸೋತಿತು, ಆಮೇಲೆ ಇದು ಗೆದ್ದಿತು, ಎಂದು ಕಥೆಯಾಗಿ ತಿಳಿಸುವುದು ಬೇರೆ. ಮೊದಲನೆಯದು ಮನುಷ್ಯನನ್ನು ಕೂಲಿಯವನೆಂದು ಎಣಿಸುತ್ತದೆ. ಎರಡನೆಯದು ಅವನನ್ನು ಸಹಾಧ್ಯಾಯಿಯೆಂದು ಎಣಿಸುತ್ತದೆ.

ಆ ಕಥೆಯನ್ನು ಬರೆಯುವ ಶಕ್ತಿ ಕನ್ನಡಕ್ಕೆ ಇಲ್ಲವೆ? ಎರೆ, ಮಸಾರಿ, ಗರಸು, ಸವುಳು, ಜವುಳು, ಬದು, ಒಡ್ಡು, ಕೋಡಿ, ಹದ, ಹರಗುವುದು. ಈ ಒಂದೊಂದು ಮಾತಿನಲ್ಲಿಯೂ ಒಂದೊಂದು ಪ್ರಕರಣದಷ್ಟು ಅನುಭವವು ಅಡಗಿರುತ್ತದೆ. ಓದುಬಾರದ ಒಕ್ಕಲಿಗನ ಬಾಯಲ್ಲಿ ಈ ಶಬ್ದಗಳು ಜೀವಂತವಾಗಿವೆ. ವಿದ್ಯಾವಂತರ ಬರವಣಿಗೆಯಲ್ಲಿ ಅವು ಸತ್ತಿವೆ. ಮಳೆಯ ಮೇಲೆ ಕವಿತೆಯನ್ನು ಕಟ್ಟುವವರಿಗೆ ಆ ಮಳೆಯು ಬಿದ್ದ ಮೇಲೆ ಎಲ್ಲಿಗೆ ಹೋಯಿತೆಂಬುದು ತಿಳಿಯದಿದ್ದರೆ ಅದು ಕಾವ್ಯಕ್ಕೂ ನಷ್ಟವೇ. ಗಮಕಿಗಳೂ ನಾಟಕಕಾರರೂ ಆದ ದೊಡ್ಡನಗೌಡರಿಂದ ಜೋಳದರಾಶಿಯ ಹೆಸರನ್ನು ಸಾಹಿತ್ಯಪ್ರಿಯರೆಲ್ಲರೂ ಬಲ್ಲರು. ಆ ಊರಿನ ನೆಲದ ಮೇಲೆ ನಡೆದ ಜಲಾನಯನದ ಕೆಲಸವನ್ನು ಅದೇ ಸಾಹಿತ್ಯಪ್ರಿಯರಲ್ಲಿ ಎಷ್ಟು ಮಂದಿ ಬಲ್ಲರು? ಎರಡೂ ನಮ್ಮ ಸಂಸ್ಕೃತಿಯೇ ಅಲ್ಲವೆ?

ಬರಿಯ ಆಕ್ಷೇಪಣೆಯಿಂದ ಬದು ಕಟ್ಟಲಾಗದು. ಆದಕಾರಣ ಮಾಡಬೇಕಾದುದನ್ನು ಸ್ಪಷ್ಟವಾಗಿ ಹೇಳುವೆವು. ಹಗರಿ, ಸಿರುಗುಪ್ಪ, ಬಳ್ಳಾರಿ ಈ ಮೂರು ಪ್ರಯೋಗಸ್ಥಾನಗಳ ಚರಿತ್ರೆಯನ್ನು, ಗೆಲವು ಸೋಲುಗಳೆರಡನ್ನೂ ಸೇರಿಸಿ, ಕನ್ನಡದಲ್ಲಿ ಬರೆಯಿಸುವುದನ್ನು ಜಿಲ್ಲೆಯ ಸಾಹಿತ್ಯ ಸಂಸ್ಥೆಗಳು ತಮ್ಮ ಕೆಲಸವೆಂದು ಕೈಗೊಳ್ಳಬೇಕು. ಅಲ್ಲಿ ದುಡಿದು ನಿವೃತ್ತರಾದ ವಿಜ್ಞಾನಿಗಳೂ ಹೊಲದ ಆಳುಗಳೂ ಬದುಕಿರುವಾಗಲೇ ಅವರ ಬಾಯಿಂದ ಕೇಳಿ ಬರೆದುಕೊಳ್ಳಬೇಕು. ಸಂಶೋಧನಾ ಕೇಂದ್ರಗಳ ವಾರ್ಷಿಕ ವರದಿಯ ಸಾರವು ಕನ್ನಡದಲ್ಲಿ ಪ್ರತಿಯೊಂದು ಗ್ರಾಮಪಂಚಾಯತಿಯ ವಾಚನಾಲಯಕ್ಕೂ ಬರಬೇಕೆಂದು ನಾವು ಸರಕಾರವನ್ನು ಒತ್ತಾಯಿಸಬೇಕು. ತುಂಗಭದ್ರೆಯ ನೀರನ್ನು ಹಂಚುವ ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ, ಎಷ್ಟು ನೀರಿದೆ ಎಂಬ ಲೆಕ್ಕದ ಜೊತೆಗೆ, ಮಣ್ಣಿನ ಸ್ಥಿತಿ ಏನಾಗಿದೆ ಎಂಬ ವರದಿಯನ್ನೂ ಮೊದಲು ಓದಬೇಕು. ಆ ವರದಿಯನ್ನು ತಳ್ಳಿಹಾಕುವವರು ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ಎಲ್ಲಕ್ಕಿಂತ ಮೊದಲು, ಭೂಮಿಯನ್ನು ಗುತ್ತಿಗೆಗೆ ಕೊಡುವ ಮನೆಗಳು ಒಂದು ವರ್ಷದ ಪತ್ರವನ್ನು ಬಿಟ್ಟು ಐದಾರು ವರ್ಷಗಳ ಪತ್ರವನ್ನು ಬರೆಯಬೇಕು. ಬದು ಹಾಕುವ ಖರ್ಚಿನಲ್ಲಿ ಒಡೆಯನ ಪಾಲನ್ನು ಅದರಲ್ಲಿ ನಮೂದಿಸಬೇಕು. 

ಇದು ದುಬಾರಿಯ ಮಾತೆಂದು ಯಾರಾದರೂ ಅನ್ನಬಹುದು. ಮಣ್ಣು ಅದಕ್ಕಿಂತ ದುಬಾರಿ. ಒಂದಂಗುಲ ಮೇಲ್ಮಣ್ಣು ಆಗುವುದಕ್ಕೆ ಪ್ರಕೃತಿಗೆ ಶತಮಾನಗಳು ಬೇಕು. ಹೋಗುವುದಕ್ಕೆ ಕೆಲವು ಸೆಪ್ಟೆಂಬರುಗಳು ಸಾಕು. ಬಳ್ಳಾರಿಯ ಮೇಲೆ ಹಕ್ಕನ್ನು ಸಾಧಿಸುವುದಕ್ಕೆ ನಮ್ಮ ಹಿರಿಯರು ಕಮಿಶನ್ನುಗಳ ಮುಂದೆ ನಿಂತು ವಾದಿಸಿದರು. ಆ ಹಕ್ಕು ಕಾಗದದ ಮೇಲೆ ಸ್ಥಿರವಾಗಿದೆ. ನೆಲದ ಮೇಲೆ ಅದನ್ನು ಉಳಿಸಿಕೊಳ್ಳುವ ವಿದ್ಯೆಯು ಬಳ್ಳಾರಿ ಪಟ್ಟಣದಲ್ಲಿಯೇ ೧೯೫೪ರಿಂದ ಕಾದು ಕುಳಿತಿರುತ್ತದೆ. ಮುಂದಿನ ಹಿಂಗಾರಿಗೆ ಮೊದಲು ಹೋಗಿ ಕೇಳುವುದು ವಿದ್ಯಾವಂತರ ಕರ್ತವ್ಯ. ಕೇಳಿ ಬಂದುದನ್ನು ಕನ್ನಡದಲ್ಲಿ ಹೇಳುವುದು ಅದಕ್ಕಿಂತ ದೊಡ್ಡ ಕರ್ತವ್ಯ.